ಯಾದಿಯಲ್ಲಿ ಅಕ್ಕನ ಹೆಸರು

ಪಂಚಮಿ ಮುಗಿದು ಮೂರು ದಿನವಾದರೂ ಉಮಕ್ಕನ ಚೀಲ ಬಾಗಿಲ ಹಿಂದೆ ಹಾಗೇ ಇತ್ತು. ಎರಡು ಸೀರೆ, ತಮ್ಮನ ಮನೆಗೆಂದು ಕಟ್ಟಿದ ಶೇಂಗಾ ಉಂಡಿ, ಸ್ಟೀಲಿನ ಡಬ್ಬಿಯಲ್ಲಿ ಜೋಳದ ಅಳ್ಳು. ತೆಗೆದಿಡಲೇ ಎಂದು ಸೊಸೆ ಕೇಳಿದರೆ, "ಇರ್ಲಿ ಬಿಡು, ತಮ್ಮಗ ಬಸ್ ಸಿಕ್ಕಿರಾಕಿಲ್ಲ" ಎನ್ನುತ್ತಿದ್ದಳು. ಮೂರು ದಿನ ಸಿಗದ ಬಸ್ಸು ಯಾವುದೆಂದು ನಾನು ಕೇಳಲಿಲ್ಲ. ಕೇಳುವ ಬಾಯಿ ನನಗಿದೆ.

ಉಮಾದೇವಿ ನಮ್ಮ ಪಕ್ಕದ ಮನೆಯವಳು. ನಾನು ದಾನೇಶ್ವರಿ, ಭಂಕೂರಿನ ಅಂಗನವಾಡಿ ಟೀಚರ್. ಓಣಿಯ ಅರ್ಧ ಹೆಂಗಸರ ಆಧಾರ್ ಕಾರ್ಡು, ಪಾಸ್‌ಬುಕ್ಕು ನನ್ನ ಕೈಯಲ್ಲೇ ತಿರುಗಾಡುತ್ತವೆ. ಉಮಕ್ಕ ಚಿಂಚೋಳಿ ತಾಲೂಕಿನ ಐನಾಪುರದವಳು. ಇಪ್ಪತ್ತರ ಹುಡುಗಿಯಾಗಿ ಇಲ್ಲಿಗೆ ಬಂದವಳಿಗೆ ಈಗ ಐವತ್ತೆಂಟು. ಗಂಡ ಅಂಬರಾಯ ಫರಸಿ ಕಲ್ಲಿನ ಖಣಿಯಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ಮನುಷ್ಯ, ಮಾತು ಕಡಿಮೆ. ಮಗ ವಾಡಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಆರು ಆಡು, ಮನೆ ತುಂಬ ಹಿಟ್ಟಿನ ಧೂಳು. ಅತ್ತೆ ಸೊಸೆ ಕೂಡಿ ಜೋಳದ ರೊಟ್ಟಿ ಬಡಿದು ಶಹಾಬಾದಿನ ಖಾನಾವಳಿಗೆ ಕೊಡುತ್ತಾರೆ. ಖಾನಾವಳಿಯವನು ಎಣಿಸುವಾಗ ಒಂದು ರೊಟ್ಟಿ ಕಡಿಮೆ ಹೇಳಿದರೆ ಉಮಕ್ಕ ಅವನ ಅಜ್ಜನನ್ನೂ ಬಿಡುವುದಿಲ್ಲ. ಅಂಥ ಗಟ್ಟಿಗಿತ್ತಿ ತವರಿನ ಮಾತು ಬಂದರೆ ಮಾತ್ರ ಬೆಣ್ಣೆ.

ಮೂವತ್ತೆಂಟು ವರ್ಷದಲ್ಲಿ ಆಕೆ ಕರೆಯಲು ಬಂದವರಿಲ್ಲದೆ ತವರಿಗೆ ಹೋದದ್ದಿಲ್ಲ. ನಮ್ಮ ಕಡೆಯ ರೀತಿಯೇ ಹಾಗೆ. ಪಂಚಮಿಗೆ ಮುಂಚೆ ತವರಿನ ಗಂಡಸರು ಬಂದು, ಅಳಿಯನ ಮನೆಯಲ್ಲಿ ಉಂಡು, ಮಗಳನ್ನು ಮುಂದೆ ಮಾಡಿಕೊಂಡು ಹೋಗಬೇಕು. ತಾನಾಗಿ ಹೋದವಳನ್ನು ಊರು 'ಜಗಳ ಮಾಡಿಕೊಂಡು ಬಂದಳು' ಎನ್ನುತ್ತದೆ. ಅಪ್ಪ ಶರಣಬಸಪ್ಪ ಇರುವ ತನಕ ಅಪ್ಪನೇ ಬಂದ. ಆಮೇಲೆ ಆರು ವರ್ಷ ಚಿಕ್ಕವನಾದ ತಮ್ಮ ಶಾಂತಕುಮಾರ ಬರುತ್ತಿದ್ದ. ಕೊರೊನಾ ವರ್ಷದಲ್ಲೂ ಮೂರು ಕಡೆ ತಡೆದರೂ ಬಿಡದೆ, ಹೊಲದ ದಾರಿ ಹಿಡಿದು ಮೋಟಾರ್‌ಸೈಕಲ್ ಮೇಲೆ ಬಂದಿದ್ದ. ಅದನ್ನು ಉಮಕ್ಕ ಈಗಲೂ ಹೊಸಬರಿಗೆಲ್ಲ ಹೇಳುತ್ತಾಳೆ.

ಆ ತಮ್ಮ ಉಳುವ ಹೊಲದಲ್ಲಿ ನಾಲ್ಕು ಎಕರೆ ಉಮಕ್ಕನ ಹೆಸರಿನಲ್ಲಿದೆ. ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟದ್ದು. ಹೆಸರು ಈಕೆಯದು, ಉತ್ತದ್ದು, ಬಿತ್ತಿದ್ದು, ರಾಶಿ ಮಾಡಿದ್ದು ಎಲ್ಲ ತಮ್ಮ. ಅಕ್ಕನಿಗೆ ವರ್ಷಕ್ಕೊಂದು ಸೀರೆ, ಹತ್ತು ಸೇರು ತೊಗರಿಬೇಳೆ. "ನಾಕ ಎಕರೆಗಿ ಹತ್ತ ಸೇರ ಬ್ಯಾಳಿ ಏನಕ್ಕ?" ಎಂದು ನಾನು ಕಾಡುತ್ತಿದ್ದೆ. ಆಕೆ ನಗುತ್ತಿರಲಿಲ್ಲ.

"ಹೊಲ ಕೇಳಿದಾಕಿಗಿ ತವರ ಇರಂಗಿಲ್ಲ, ಟೀಚರಮ್ಮ."

ಎರಡು ವರ್ಷದ ಹಿಂದೆ ಪಂಚಮಿಗೆ ಬಂದಾಗ ಶಾಂತಕುಮಾರ ಅಕ್ಕನ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿ ಒಯ್ದಿದ್ದ. ಸರ್ಕಾರದಿಂದ ಬೀಜ, ಗೊಬ್ಬರ, ಪರಿಹಾರ ಏನು ಬರಬೇಕಾದರೂ ಪಹಣಿಯಲ್ಲಿ ಹೆಸರಿದ್ದವರ ಆಧಾರ್ ಜೋಡಿಸಬೇಕಂತೆ. ಸುಲೇಪೇಟದ ಬ್ಯಾಂಕಿನಲ್ಲಿ ಅಕ್ಕನ ಹೆಸರಿನದೊಂದು ಹಳೆಯ ಖಾತೆ ಇತ್ತು, ಅದರ ಪಾಸ್‌ಬುಕ್ಕು ಅವನ ಹತ್ತಿರವೇ ಇರುತ್ತಿತ್ತು. ಉಮಕ್ಕ ಒಂದು ಮಾತು ಕೇಳದೆ ಜೆರಾಕ್ಸ್ ಕೊಟ್ಟಳು, ತೋರಿಸಿದ ಕಡೆ ಸಹಿ ಮಾಡಿದಳು.

ಪಂಚಮಿಯಾದ ನಾಲ್ಕನೆಯ ದಿನ ಐನಾಪುರದಿಂದ ವಿಮಲಾಬಾಯಿಯ ಫೋನು ಬಂತು. ಉಮಕ್ಕನ ಬಾಲ್ಯದ ಗೆಳತಿ, ಹುಟ್ಟಿದ ಊರಿಗೇ ಸೊಸೆಯಾದ ಪುಣ್ಯವಂತೆ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

"ಉಮಾ, ನಿನ್ನ ಹೆಸರ ಪಂಚಾಯ್ತಿ ಗ್ವಾಡಿಗಿ ಹಚ್ಯಾರ ನೋಡು."

"ನನ್ನ ಹೆಸರ? ನಾ ಏನ್ ಮಾಡೀನಿ?"

"ಹೋದ ವರ್ಷ ಮಳಿಗಿ ತೊಗರಿ ಕೊಳತು ಹೋಯ್ತಲ್ಲ, ಅದರ ಪರಿಹಾರದ ಯಾದಿ. ಯಾರಿಗಿ ಎಷ್ಟ ಬಂದಾದ ಅಂತ ಎಲ್ಲಾರಿಗೂ ಗೊತ್ತಾಗ್ಲಿ ಅಂತ ಹಚ್ಯಾರ. ನಿನ್ನ ಮುಂದ ಇಪ್ಪತ್ತೇಳ ಸಾವಿರದ ಐನೂರ ಅಂತ ಅದ. ಜನವರಿದಾಗೇ ಜಮಾ ಆಗ್ಯಾದ ಅಂತನೂ ಬರದಾರ. ನಿನ್ನ ತಮ್ಮ ಅದನ್ನ ನೋಡಿ ಬಂದಾಗಿಂದ ಯಾರ ಜೋಡಿನೂ ಮಾತಾಡವಲ್ಲ."

ಉಮಕ್ಕ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಏಕೆಂದರೆ ಆ ದುಡ್ಡಿನ ಚೀಟಿಯನ್ನು ಆಕೆ ಜನವರಿಯಲ್ಲಿ ತಂದು ತೋರಿಸಿದ್ದು ನನಗೇ. ತಮ್ಮ ಜೆರಾಕ್ಸ್ ಒಯ್ದ ಮೇಲೆ, ಗೃಹಲಕ್ಷ್ಮಿ ಹಣಕ್ಕೆಂದು ಶಹಾಬಾದಿನ ಅಂಚೆಯಲ್ಲಿ ಆಕೆಗೊಂದು ಖಾತೆ ಮಾಡಿಸಿ, ಆಧಾರ್ ಜೋಡಿಸಿಕೊಟ್ಟವಳು ನಾನು. ಆ ಖಾತೆಗೆ ದೊಡ್ಡ ಮೊತ್ತ ಬಿದ್ದಿತ್ತು. "ಇದೆಲ್ಲಿಂದ ಬಂತು ಟೀಚರಮ್ಮ?" ಎಂದು ಕೇಳಿದಳು. ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಗಡಿಬಿಡಿಯಲ್ಲಿದ್ದೆ. ಒಮ್ಮೆ ಕಣ್ಣು ಹಾಯಿಸಿ, "ಗೃಹಲಕ್ಷ್ಮಿ ಕಂತ ನಿಂತಿದ್ವಲ್ಲ, ಎಲ್ಲಾ ಕೂಡಿ ಬಂದಾವ, ತೊಗೊ" ಎಂದುಬಿಟ್ಟೆ. ತಿಂಗಳಿಗೆ ಎರಡು ಸಾವಿರದಂತೆ ಬರುವ ದುಡ್ಡಿಗೆ ಐನೂರರ ಬಾಲ ಎಲ್ಲಿಂದ ಬರಬೇಕು? ದಿನವೂ ಮಕ್ಕಳಿಗೆ ಎಣಿಕೆ ಹೇಳಿಕೊಡುವವಳು ನಾನು! ಆಧಾರ್ ಕೊನೆಗೆ ಎಲ್ಲಿ ಜೋಡಣೆಯಾಗಿದೆಯೋ ಸರ್ಕಾರದ ದುಡ್ಡು ಅಲ್ಲಿಗೇ ಹೋಗುತ್ತದೆ ಎಂಬುದು ಕೂಡ ನನಗೆ ಗೊತ್ತಿದ್ದ ಮಾತೇ. ಸುಲೇಪೇಟದ ಖಾತೆಗೆ ಹೋಗಬೇಕಾದದ್ದು ನಾನು ಮಾಡಿಸಿದ ಖಾತೆಗೆ ಬಂದಿತ್ತು.

ಆ ದುಡ್ಡು ಈಗ ಇರಲೂ ಇಲ್ಲ. ಎರಡು ಮಳೆಗಾಲ ಸೋರಿದ ಅಡುಗೆಮನೆಗೆ ಉಮಕ್ಕ ಹೊಸ ತಗಡಿನ ಪತ್ರಾಸು ಹಾಕಿಸಿದ್ದಳು. ಉಳಿದದ್ದು ಅಂಬರಾಯನ ಮೊಣಕಾಲಿಗೆ ಹೋಯಿತು.

"ಅವ ಏನ ತಿಳ್ಕೊಂಡಿರಬೇಕು?" ಎಂದಳು ಉಮಕ್ಕ. "ಅಕ್ಕ ಕಳ್ಳತನದಾಗ ಬ್ಯಾರೆ ಖಾತಿ ಮಾಡ್ಸಿ, ನನ್ನ ದುಡಿತದ ರೊಕ್ಕ ಹೊಡದು ಆರ ತಿಂಗಳ ಸುಮ್ಮ ಕುಂತಾಳ ಅಂತಾನ. ಅನ್ನಲೇಬೇಕಲ್ಲ?"

ತಮ್ಮನಿಗೆ ಫೋನು ಮಾಡಿದೆವು. ಮೂರು ಸಲ ರಿಂಗಾಯಿತು, ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಸ್ವಿಚ್ ಆಫ್.

ಆ ವಾರ ಆಕೆಯ ರೊಟ್ಟಿ ಎರಡು ಸಲ ವಾಪಸು ಬಂದವು, ಸುಟ್ಟಿವೆಯೆಂದು. ಮೋಡ ಕವಿದರೆ ಸಾಕು, ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. "ಮಳಿ ಜೋರ ಬಂದ್ರ ಆ ಹಾಳಿ ಹರದು ಬೀಳ್ತದ ಅಲಾ, ಟೀಚರಮ್ಮ?" ಎಂದು ಕೇಳುತ್ತಿದ್ದಳು. ಗೋಡೆಯ ಮೇಲಿನದು ಹರಿದರೂ ಅದು ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅಂಬರಾಯ ಮಾತ್ರ ಒಂದು ಸಂಜೆ ಬಾಯಿ ಬಿಟ್ಟ: "ರೊಕ್ಕ ಕೊಟ್ಟು ಬಾ. ಇಲ್ಲಂದ್ರ ನೀ ಸತ್ತಿ."

ನನ್ನ ಮನಸ್ಸಿನ ಮಾತು ಹೇಳುತ್ತೇನೆ. ನನಗೆ ಶಾಂತಕುಮಾರನ ಮೇಲೆಯೇ ಸಿಟ್ಟು. ಹೆಸರು ಅಕ್ಕನದು, ಹೊಲ ಅಕ್ಕನದು, ಒಂದು ಸಲ ಅಕ್ಕನ ಕೈಗೆ ದುಡ್ಡು ಬಂದದ್ದಕ್ಕೆ ಪಂಚಮಿಯನ್ನೇ ನಿಲ್ಲಿಸುವುದೇ? ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಆದರೆ ತಪ್ಪು ನನ್ನದೂ ಇತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಬಾಯಿ ಮುಚ್ಚಿಕೊಂಡೆ.

ಉಮಕ್ಕ ಮೂರು ಆಡುಗಳನ್ನು ಶಹಾಬಾದಿಗೆ ಹೊಡೆದುಕೊಂಡು ಹೋದಳು. ವ್ಯಾಪಾರಿ ಅಬ್ದುಲ್ ಮಜೀದ ಹಲ್ಲು ನೋಡಿ, ಬೆನ್ನು ಹಿಡಿದು ನೋಡಿ ತಲೆಯಾಡಿಸಿದ. "ಬಕ್ರೀದಕ್ಕ ಮೊದಲ ತಂದಿದ್ರ ಭಾಳ ಸಿಗ್ತಿತ್ತಲ್ಲಮ್ಮ. ಈಗ ಯಾಕ ತಂದ್ರಿ?" ಎಂದ. ಚೌಕಾಶಿಗೆ ಹೆಸರಾದ ಉಮಕ್ಕ ಅವತ್ತು ಅವನು ಹೇಳಿದ್ದಕ್ಕೆ ಹೂಂ ಎಂದು ಬಂದಳು. ಕಡಿಮೆ ಬಿದ್ದದ್ದನ್ನು ನಾನು ಸೇರಿಸಿದೆ. ಅದು ಉಪಕಾರವಲ್ಲ, ದಂಡ.

ಮರುದಿನ ಅಂಗನವಾಡಿಗೆ ರಜೆ ಹಾಕಿ ನಾನೂ ಜೊತೆಗೆ ಹೊರಟೆ. ಕಲಬುರಗಿಯಲ್ಲಿ ಸುಲೇಪೇಟದ ಬಸ್ಸು ಹತ್ತಿದೆವು. ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಳ್ಳುವಾಗ ಉಮಕ್ಕ ಆ ಕಾರ್ಡನ್ನೇ ನೋಡುತ್ತ ಕೂತಳು. "ಇದೇ ಎಲ್ಲಾ ಮಾಡಿದ್ದು" ಎಂದಳು. ಸುಲೇಪೇಟದಲ್ಲಿ ಇಳಿದು ಐನಾಪುರದ ಟಂಟಂ ಆಟೋ ಹತ್ತುವಾಗ ಕಾಲು ಹಿಂದೆಗೆದಳು. ಕರೆಯದೆ ಬಂದಿದ್ದೇನೆ, ಊರ ಅಗಸಿ ಬಾಗಿಲಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಚಿಂತೆ. "ಟೀಚರಮ್ಮನ ಕೆಲಸಕ್ಕೆ ಜೋಡಿ ಬಂದೀನಿ ಅನ್ನು" ಎಂದೆ. ಐವತ್ತೆಂಟು ವಯಸ್ಸಿನವಳು ಸಣ್ಣ ಹುಡುಗಿಯಂತೆ ಅದನ್ನೇ ಬಾಯಿಪಾಠ ಮಾಡುತ್ತ ಬಂದಳು.

ಯಾರೂ ಕೇಳಲಿಲ್ಲ. ನೋಡಿದರು. ಪಂಚಾಯತಿ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡಿದರು. ಗೋಡೆಗೆ ಒಂಬತ್ತು ಹಾಳೆ, ಮೇಲೆ ಪ್ಲಾಸ್ಟಿಕ್ಕು. ಹೆಸರು, ಸರ್ವೆ ನಂಬರು, ಎಷ್ಟು ಎಕರೆ ಹಾಳಾಯಿತು, ಎಷ್ಟು ಕೊಟ್ಟರು, ಯಾವ ತಾರೀಖು. ಮಳೆಗೆ ಅಂಚು ಉಬ್ಬಿದ್ದರೂ ಅಕ್ಷರ ಗಟ್ಟಿಯಾಗಿದ್ದವು. ಆರನೆಯ ಹಾಳೆಯಲ್ಲಿ ಉಮಕ್ಕನ ಹೆಸರು ಸಿಕ್ಕಿತು. ಯಾರೋ ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದರು.

ನನ್ನ ಕೆಟ್ಟ ಚಾಳಿ, ಏನು ಸಿಕ್ಕರೂ ಪೂರ್ತಿ ಓದುವುದು. ಶಾಂತಕುಮಾರನಿಗೆ ಎಷ್ಟು ಬಂದಿದೆಯೆಂದು ಹುಡುಕಿದೆ. ಉಮಕ್ಕ ಹೇಳುತ್ತಿದ್ದ ಹಾಗೆ ತನ್ನ ಪಾಲಿನ ಐದು ಎಕರೆ ಅವನಿಗಿತ್ತಲ್ಲ. ಮೊದಲಿನಿಂದ ಕೊನೆಯ ತನಕ ಬೆರಳಿಟ್ಟು ಬಂದೆ. ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇರಲಿಲ್ಲ.

ಅಷ್ಟರಲ್ಲಿ ವಿಮಲಾಬಾಯಿ ಓಡಿ ಬಂದಳು. ನನ್ನ ಬೆರಳು ನೋಡಿ, ದನಿ ತಗ್ಗಿಸಿ ಅಂದಳು: "ಅವನ ಹೆಸರ ಎಲ್ಲಿಂದ ಬರ್ತದ್ರಿ? ಇಬ್ಬರ ಹೆಣ್ಣಮಕ್ಕಳ ಮದಿವಿಗಿ ತನ್ನ ಐದೂ ಎಕರೆ ಮಾರ್ಯಾನ. ಆರ ವರ್ಷ ಆಯ್ತು. ಈಗ ಅವ ಉಳೋದು ನಿಂದ ಒಂದೇ, ಉಮಾ. ನಿನಗ ಗೊತ್ತದ ಅಂತ ತಿಳ್ಕೊಂಡಿದ್ದೆ."

ಉಮಕ್ಕನಿಗೆ ಗೊತ್ತಿರಲಿಲ್ಲ. ಆ ಇಬ್ಬರು ಹುಡುಗಿಯರ ಮದುವೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಹೋಳಿಗೆ ಬೇಯಿಸಿದವಳು ಆಕೆ.

"ಈ ಯಾದಿ ಹಚ್ಚಿದ ಮ್ಯಾಲ ಮೂರ ಮನಿ ಹೆಣ್ಣಮಕ್ಕಳು ಬಂದು ಪಾಲ ಕೇಳ್ಯಾರ" ಎಂದಳು ವಿಮಲಾಬಾಯಿ. "ನಮ್ಮ ಹೆಸರ್ಲೆ ಇಷ್ಟ ವರ್ಷ ರೊಕ್ಕ ತಿಂದೀರಿ ಅಂತ ಜಗಳ ಆಗ್ಯಾವ. ಈಗ ನೀನೂ ಬಂದಿ ಅಂತ ಎಲ್ಲಾರೂ ನೋಡಾಕತ್ತಾರ."

ತವರು ಮನೆಯ ಬಾಗಿಲಲ್ಲಿ ಶಾಂತಕುಮಾರ ನಿಂತಿದ್ದ. ಅಷ್ಟರೊಳಗೇ ಯಾರೋ ಸುದ್ದಿ ಮುಟ್ಟಿಸಿದ್ದರು. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿದ್ದವು. ಪ್ರತಿ ವರ್ಷ ಉಮಕ್ಕ ಈ ಮನೆಗೆ ಬಂದರೆ ಕಾಲು ತೊಳೆದು ನೇರವಾಗಿ ಅಡುಗೆಮನೆಗೆ ನುಗ್ಗಿ ಗಡಿಗೆಗಳ ಮುಚ್ಚಳ ತೆಗೆಯುತ್ತಾಳಂತೆ. ಅವತ್ತು ತಮ್ಮ ಪಡಸಾಲೆಗೆ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವೆಲ್ಲಿನಿಂದ ಒರೆಸಿ ಇಟ್ಟ. ಅವನ ಹೆಂಡತಿ ಜಗದೇವಿ ತಟ್ಟೆಯಲ್ಲಿ ನೀರು ತಂದಳು, ಸಾಹೇಬರು ಬಂದಾಗ ತರುವ ಹಾಗೆ. ಉಮಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಆ ಮನೆಯಲ್ಲಿ ಆಕೆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲಿರಬೇಕು.

ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದೆ. ಆದರೆ ಮೊದಲು ಮಾತು ತೆಗೆದವನು ಅವನೇ.

"ಯಕ್ಕಾ" ಎಂದ, ನಿಂತುಕೊಂಡೇ. "ತೊಗರಿ ರಾಶಿ ಆಗೋ ತನಕ ಟೈಮ್ ಕೊಡು. ಆಮ್ಯಾಲ ಹೊಲ ಬಿಟ್ಟ ಕೊಡ್ತೀನಿ."

ಉಮಕ್ಕನಿಗೆ ಮಾತು ತಿಳಿಯಲೇ ಇಲ್ಲ. ಸೆರಗಿನ ಗಂಟಿನಿಂದ ದುಡ್ಡು ಬಿಚ್ಚಿ ನೆಲದ ಮೇಲಿಟ್ಟಳು. "ಹೊಲ ಯಾರ ಕೇಳ್ಯಾರೋ? ಇದ ನಿನ್ನ ರೊಕ್ಕ. ನನಗ ಗೊತ್ತಿಲ್ಲದಂಗ ಬಂದಿತ್ತು. ಈ ಟೀಚರಮ್ಮನ ಕೇಳು."

ನಾನು ಎಲ್ಲ ಬಿಡಿಸಿ ಹೇಳಿದೆ. ಅಂಚೆ ಖಾತೆ, ಆಧಾರ್, ನನ್ನ ಎಡವಟ್ಟು. ಅವನು ಕೇಳಿದ, ನಂಬಿದ ಕೂಡ. ಆದರೆ ದುಡ್ಡು ಮುಟ್ಟಲಿಲ್ಲ.

"ನಿನ್ನ ಹೆಸರಿಗಿ ಬಂದದ್ದು ನಾ ಹ್ಯಾಂಗ ಮುಟ್ಲಿ? ಊರಾಗ ಎಲ್ಲಾರೂ ಓದ್ಯಾರ."

ಜಗದೇವಿ ಬಾಗಿಲ ಸಂದಿನಿಂದಲೇ ಅಂದಳು: "ಹದಿನೈದ ದಿನ ಆಯ್ತ್ರಿ ಅಕ್ಕಾರ, ಹೊಲದ ಕಡಿ ಹೋಗಿಲ್ಲ. ಎಡಿ ಹೊಡದಿಲ್ಲ, ಕಸ ತಗಸಿಲ್ಲ. ತೊಗರಿಗಿಂತ ಕಸ ಎತ್ತರ ಆಗ್ಯಾದ. ಯಾರ ಹೊಲದಾಗ ದುಡಿಲಿ ಅಂತಾರ, ಮಕ್ಕೋತಾರ."

ಉಮಕ್ಕ ತಮ್ಮನ ಕಡೆ ತಿರುಗಿ ಕೇಳಿದಳು: "ನಿನ್ನ ಹೊಲ ಮಾರಿದ್ದು ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಹೊಲ ಕೇಳ್ತಿ ಅಂತ ಹೆದರಿಕಿ ಆಯ್ತು."

"ಆರ ವರ್ಷ ಅದೇ ಹೆದರಿಕಿಲೆ ಕರೀಲಾಕ ಬಂದ್ಯೇನು?"

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

"ನೋಡು ಶಾಂತು" ಎಂದಳು ಉಮಕ್ಕ. ದನಿ ಸಣ್ಣದಾಗಿತ್ತು. "ಹೊಲ ನನಗ ಬ್ಯಾಡ ಅಂತ ಬರದ ಕೊಟ್ರ ಬರೋ ಪಂಚಮಿಗಿ ಕರೀಲಾಕ ಬರ್ತಿ?"

"ಬರ್ತೀನಿ ಯಕ್ಕಾ! ಯಾಕ ಬರಂಗಿಲ್ಲ?" ಅವನ ಮುಖಕ್ಕೆ ಜೀವ ಬಂದಿತು. ಮಾತು ಮುಗಿಯುವುದರೊಳಗೆ ಉತ್ತರ ಕೊಟ್ಟಿದ್ದ.

"ಹೊಲ ನನಗ ಬೇಕು ಅಂದ್ರ?"

ಅವನು ಬಾಯಿ ತೆರೆದ. ಮುಚ್ಚಿದ. ಹೆಂಡತಿಯ ಕಡೆ ನೋಡಿದ, ಹೊಸ್ತಿಲ ಕಡೆ ನೋಡಿದ. ಹೂಂ ಎಂದಿದ್ದರೂ ಸಾಕಿತ್ತು, ಸುಳ್ಳಾಗಿಯಾದರೂ ಸಾಕಿತ್ತು. ಉಮಕ್ಕ ಕಾದಳು. ನಾನೂ ಕಾದೆ, ದೇವರೇ ಇವನ ಬಾಯಿಂದ ಒಂದು ಮಾತು ಹೊರಡಿಸು ಎಂದು. ಹೊರಡಲಿಲ್ಲ.

ಆಕೆ ಕುರ್ಚಿಯಿಂದ ಇಳಿದು ನೆಲದ ಮೇಲಿನ ದುಡ್ಡು ಎತ್ತಿಕೊಂಡಳು. ಐನೂರರ ಆರು ನೋಟು ಎಣಿಸಿ ಜಗದೇವಿಯ ಕೈಗೆ ಕೊಟ್ಟಳು. "ನಾಳಿಗೇ ಆಳ ಹಚ್ಚಿ ಕಸ ತಗಸ್ರಿ. ತೊಗರಿ ಪೀಕ ಹಾಳ ಮಾಡಬ್ಯಾಡ್ರಿ. ರಾಶಿ ಆದ ಮ್ಯಾಲ ಅರ್ಧ ಅವಂದು, ಅರ್ಧ ನಂದು" ಎಂದಳು. "ಹೊಲ ಯಾರಿಗೂ ಬಿಡಬ್ಯಾಡ, ನೀನೇ ಮಾಡು" ಎಂದು ತಮ್ಮನಿಗೆ ಹೇಳಿದಳು. ಉಳಿದದ್ದನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. ಜಗದೇವಿ ಉಂಡು ಹೋಗ್ರಿ ಎಂದು ಕೈ ಹಿಡಿದಳು. "ಬಸ್ ತಪ್ತದ" ಎಂದಳು ಉಮಕ್ಕ. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಸುಲೇಪೇಟದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದೆ. ಕುಡಿದಳು. ನೀನು ಮಾಡಿದ್ದು ಸರಿ, ಮೂವತ್ತೆಂಟು ವರ್ಷದ ಹಿಂದೆಯೇ ಮಾಡಬೇಕಿತ್ತು ಎಂದೆಲ್ಲ ನಾನೇ ಮಾತಾಡಿದೆ. ಆಕೆಗೆ ಕೇಳಿಸಿತೋ ಇಲ್ಲವೋ. ಬಸ್ಸು ಹೊರಟು ಅರ್ಧ ತಾಸಾದ ಮೇಲೆ ತಾನಾಗಿ ಕೇಳಿದಳು.

"ಯಾದಿಯಾಗ ನನ್ನ ಹೆಸರಿನ ಜೋಡಿ ಯಾರ ಹೆಸರಿತ್ತು, ಟೀಚರಮ್ಮ? ಗಂಡನ ಹೆಸರೇನು?"

"ಅಲ್ಲ. ತಂದೆ ಶರಣಬಸಪ್ಪ ಅಂತಿತ್ತು."

ಉಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ತಡೆದು ತಡೆದು ಬಂತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ನಾನು ಕಣ್ಣಿನಿಂದಲೇ ಬೇಡ ಎಂದೆ.

"ಅಪ್ಪ ಖರೇನೇ ಕೊಟ್ಟಿದ್ದ" ಎಂದಳು. "ನಾನೇ ತೊಗೊಂಡಿರಲಿಲ್ಲ."

ಕಲಬುರಗಿ ಬಂತು. ಇಳಿಯಲು ಎದ್ದಾಗ ನನ್ನ ತೋಳು ಹಿಡಿದು, ಉತ್ತರ ನನಗೆ ಗೊತ್ತಿರಬೇಕು ಎಂಬಂತೆ ಕೇಳಿದಳು:

"ಅವ ಇನ್ನ ಬರಂಗಿಲ್ಲ, ಅಲಾ?"